ನಾಲ್ಕು ತಾಲೂಕಿಗೆ ಒಂದೇ ಕಿರೀಟ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲೂಕುಗಳ ನಡುವೆ ಬಹುಕಾಲದಿಂದ ನೆಲೆಸಿದ್ದ ಶಾಂತಿ ಕದಡಿದೆ. ಕೆ.ಆರ್. ನಗರದವನ ದನಿ ನನ್ನ ದನಿಗಿಂತ ಚೆನ್ನಾಗಿ ಕೇಳುತ್ತದೆ ಎಂದು ಉಳಿದ ಇಬ್ಬರು ಒಂದು ಭಾನುವಾರ ಮಧ್ಯಾಹ್ನ ಬಹಿರಂಗವಾಗಿ ಒಪ್ಪಿಕೊಂಡಿದ್ದೇ ಇದಕ್ಕೆ ಕಾರಣ. ಪ್ರಾಣಹಾನಿಯಾದ ವರದಿ ಇಲ್ಲ.

ಮೊಬೈಲಿನಲ್ಲಿ ಆಟವಾಡುವ ನಡುವಯಸ್ಸಿನ ಗಂಡಸರ ನಡುವೆ ಇಂಥವು ಆಗುತ್ತಲೇ ಇರುತ್ತವೆ. ಪತ್ರಿಕೆಯವರು ಇದನ್ನೆಲ್ಲ ಬರೆಯುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ನಾವು ನಾಲ್ವರೂ ಹುಣಸೂರಿನ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ನಾನು ಅದೇ ಊರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಪಿರಿಯಾಪಟ್ಟಣದವನು ಹೊಗೆಸೊಪ್ಪು, ಶುಂಠಿ ಬೆಳೆಯುತ್ತಾನೆ. ಕೆ.ಆರ್. ನಗರದವನದು ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ. ಕೋಟೆಯವನು ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದಾನೆ. ಕಾಲೇಜಿನಲ್ಲಿ ಅವನೂ ನಾನೂ ಒಂದೇ ಬೆಂಚು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಅವನು ಮರೆತಿದ್ದಾನೆ.

ನಾವು ಆಡುವ ಆಟದಲ್ಲಿ ನಾಲ್ಕು ಜನರ ತಂಡಗಳು ಆಕಾಶದಿಂದ ಒಂದು ದ್ವೀಪಕ್ಕೆ ಬಿದ್ದು, ಬಂದೂಕು ಹುಡುಕಿಕೊಂಡು, ಸಿಕ್ಕವರನ್ನೆಲ್ಲ ಗುಂಡಿಕ್ಕಿ ಸುಡಬೇಕು. ಕೊನೆಗೆ ಉಳಿದ ತಂಡ ಗೆದ್ದಂತೆ. ಮೊದಮೊದಲು ನಾನು ಫೋನಿನಲ್ಲಿ ಮೂವರನ್ನೂ ಒಂದೇ ಕರೆಗೆ ಸೇರಿಸುತ್ತಿದ್ದೆ. ಕರೆ ನನ್ನದಾದ್ದರಿಂದ ‘ಎಡಕ್ಕೆ ನುಗ್ಗಿ’, ‘ಮನೆ ಒಳಕ್ಕೆ ಸೇರ್ಕಳಿ’ ಎಂದು ಆಜ್ಞೆ ಮಾಡುವವನೂ ನಾನೇ. ನಾವು ಒಮ್ಮೆಯೂ ಗೆದ್ದಿರಲಿಲ್ಲ. ಆದರೆ ಸೋಲಿಗೊಂದು ನಾಯಕತ್ವವಿತ್ತು. ಈಗ ಅದೂ ಇಲ್ಲ.

ಗೋಡೆಯಾಚೆಯ ನೆಂಟ

ಕರೆಯ ಮಧ್ಯೆ ಯಾರಿಗಾದರೂ ಬೇರೆ ಫೋನ್ ಬಂದರೆ ನಮ್ಮ ಯುದ್ಧ ಅಲ್ಲಿಗೇ ನಿಲ್ಲುತ್ತಿತ್ತು. ಆಟದೊಳಗೇ ಮಾತಾಡುವ ಸೌಕರ್ಯವಿದೆ, ಅದನ್ನೇ ಬಳಸೋಣ ಎಂದು ಕೆ.ಆರ್. ನಗರದವನು ಹೇಳಿದ. ಬಳಸಿದೆವು. ಪಿರಿಯಾಪಟ್ಟಣದವನು ತನ್ನ ಮಾತು ತಂಡಕ್ಕೆ ಮಾತ್ರ ಕೇಳುವಂತೆ ಇಡುವ ಬದಲು ಹತ್ತಿರವಿರುವ ಎಲ್ಲರಿಗೂ ಕೇಳುವಂತೆ ಇಟ್ಟುಕೊಂಡಿದ್ದ. ‘ಎಲ್ಲರಿಗೂ’ ಎಂಬುದರಲ್ಲಿ ಶತ್ರುಗಳೂ ಸೇರುತ್ತಾರೆ ಎಂದು ಅವನಿಗೆ ಹೊಳೆದಿರಲಿಲ್ಲ.

ಗೋಡೆಯ ಆಚೆ ನಿಂತಿದ್ದ ಶತ್ರುವೊಬ್ಬ ಇವನ ಮಾತು ಕೇಳಿಸಿಕೊಂಡು, ನೀವು ನಮ್ಮ ಕಡೆಯವರಂತೆ ಕಾಣುತ್ತೀರಿ, ಯಾವೂರು ಎಂದು ವಿಚಾರಿಸಿದ. ಇವನು ಪಿರಿಯಾಪಟ್ಟಣ ಎಂದ. ಅವನು ಸಾಲಿಗ್ರಾಮ ಎಂದ. ನಮ್ಮ ಕಡೆ ಮಾತು ಅಲ್ಲಿಗೆ ಮುಗಿಯುವುದಿಲ್ಲ.

“ಸಾಲಿಗ್ರಾಮದಲ್ಲಿ ಯಾರ ಪೈಕಿ?”

ಇಬ್ಬರೂ ಬಂದೂಕು ಹಿಡಿದುಕೊಂಡೇ ಬೀದಿ, ಮನೆ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ದಾಟಿದರು. ಶತ್ರುವು ಪಿರಿಯಾಪಟ್ಟಣದವನ ಹೆಂಡತಿಯ ದೊಡ್ಡಪ್ಪನ ಮಗನೆಂದೂ, ಸಂಬಂಧದಲ್ಲಿ ಭಾವನಾಗಬೇಕೆಂದೂ ತಿಳಿದುಬಂತು. ಇವನು ತಕ್ಷಣ ಬಂದೂಕು ಕೆಳಗಿಟ್ಟು, ಅಕ್ಕ ಹೇಗಿದ್ದಾರೆ ಎಂದು ಕೇಳಿದ. ಭಾವನವರು, ಚೆನ್ನಾಗಿದ್ದಾರೆ ಎಂದು ಹೇಳಿ, ಇವನನ್ನು ಸುಟ್ಟರು. ಆಮೇಲೆ ನಮ್ಮನ್ನೂ ಸುಟ್ಟರು.

ನೀನೇಕೆ ಸುಡಲಿಲ್ಲವೆಂದು ನಾನು ರೇಗಿದೆ.

“ಹೆಣ್ಣು ಕೊಟ್ಟಿರೋರ್‌ನ ಎಂಗ್ಲಾ ಸುಡದು?” ಎಂದ ಅವನು. “ಮುಂದಿನ್ ತಿಂಗ್ಳು ಅವ್ರ ಮನೆ ಗೃಹಪ್ರವೇಶಕ್ಕೆ ಓಗಬೇಕು.”

ಶುಂಠಿಯ ರೇಟು

ನಮ್ಮ ಮಾತು ನಮ್ಮಲ್ಲೇ ಇರಬೇಕಾದರೆ ಮಾತಿಗೆಂದೇ ಇರುವ ಬೇರೆ ಆ್ಯಪ್ ಬೇಕು ಎಂದು ತೀರ್ಮಾನವಾಯಿತು. ಕೆ.ಆರ್. ನಗರದವನು ಒಂದನ್ನು ಸೂಚಿಸಿದ. ಅದು ಒಳ್ಳೆಯದೇ ಇರಬೇಕು. ಆದರೆ ಸೂಚಿಸಿದವನು ಅವನಾದ್ದರಿಂದ ನಾನು ಇನ್ನೊಂದನ್ನು ಸೂಚಿಸಿದೆ. ನನ್ನದರಲ್ಲಿ ಪೊಲೀಸರ ವಾಕಿಟಾಕಿಯಂತೆ ಒತ್ತಿ ಮಾತಾಡಿದರೆ ಸಾಕು, ಪಾಸ್‌ವರ್ಡಿನ ತಾಪತ್ರಯವಿಲ್ಲ. ನಾನೇ ಮೂವರಿಗೂ ಹೇಳಿಕೊಟ್ಟು ಅದನ್ನು ಹಾಕಿಸಿದೆ.

ಪಾಸ್‌ವರ್ಡ್ ಇಲ್ಲದ ಕಡೆಗೆ ನಾವು ಮಾತ್ರವಲ್ಲ, ಯಾರು ಬೇಕಾದರೂ ಬರಬಹುದು ಎಂಬುದು ಆಮೇಲೆ ಗೊತ್ತಾಯಿತು. ನಾವು ಹೊಕ್ಕ ಕಡೆ ಆಗಲೇ ಕೇರಳದ ವ್ಯಾಪಾರಿಗಳು ಸೇರಿಕೊಂಡು ಮಲಯಾಳದಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು. ನಾನು ‘ಬಲಕ್ಕೆ ಬನ್ನಿ’ ಎಂದರೆ ಅವರು ಏನೋ ಉತ್ತರ ಕೊಡುತ್ತಿದ್ದರು. ಕೋಟೆಯವನು ಗಡಿಯ ಹತ್ತಿರದವನಾದ್ದರಿಂದ ಅವನಿಗೆ ಮಲಯಾಳ ಚೂರುಪಾರು ಬರುತ್ತದೆ. ಅವರು ಶುಂಠಿಯ ರೇಟು ಮಾತಾಡುತ್ತಿದ್ದಾರೆ ಎಂದು ಅವನು ಹೇಳಿದ. ಹೇಳಿದ್ದೇ ತಪ್ಪಾಯಿತು. ಪಿರಿಯಾಪಟ್ಟಣದವನು ಆಟ ನಿಲ್ಲಿಸಿ ಅದನ್ನೇ ಕೇಳುತ್ತ ಕೂತ. ದ್ವೀಪದ ಮಧ್ಯೆ ಅಲ್ಲಾಡದೆ ನಿಂತವನನ್ನು ಯಾರೋ ಬಂದು ಸುಟ್ಟುಹೋದರು. ಅವನಿಗೆ ಅದು ಗೊತ್ತಾಗಲೇ ಇಲ್ಲ.

ಮಾರನೆಯ ವಾರ ಮತ ಹಾಕಿದೆವು. ನನ್ನ ಆ್ಯಪಿಗೆ ನನ್ನದೊಂದೇ ಮತ ಬಿತ್ತು. ನನ್ನ ಬೆಂಚಿನವನೂ ಕೈ ಕೊಟ್ಟ. ಪಿರಿಯಾಪಟ್ಟಣದವನು ಮಾತ್ರ ಸೌಜನ್ಯದಿಂದ ನಡೆದುಕೊಂಡ.

“ನಿನ್ ಆ್ಯಪ್ ಕೆಟ್ಟದ್ದೇನಲ್ಲ ಕಣ್ಲಾ,” ಎಂದ. “ಶುಂಠಿ ಮಾರ್‌ಬುಟ್ಟೆ.”

ಕಿರೀಟ

ಕೆ.ಆರ್. ನಗರದವನು ತನ್ನ ಆ್ಯಪಿನಲ್ಲಿ ನಮಗೆಂದು ಒಂದು ಕೋಣೆ ಮಾಡಿದ. ನಾವು ಮೂವರೂ ಅದರೊಳಗೆ ಹೋದೆವು. ಅವನ ಹೆಸರಿನ ಪಕ್ಕದಲ್ಲಿ ಸಣ್ಣದೊಂದು ಚಿನ್ನದ ಬಣ್ಣದ ಕಿರೀಟ ಕಂಡಿತು. ನನ್ನ ಹೆಸರಿನ ಮುಂದೆ ‘ಸದಸ್ಯ’ ಎಂದಿತ್ತು.

ಅದೇನು ಎಂದು ನಾನು ಸಹಜವಾಗಿ ಕೇಳಿದೆ. ಕೋಣೆ ಮಾಡಿದವನಿಗೆ ಅದು ತಾನಾಗಿಯೇ ಬರುತ್ತದೆ, ತಾನೇನೂ ಹಾಕಿಕೊಂಡಿದ್ದಲ್ಲ ಎಂದ. ಹಾಗಾದರೆ ತೆಗೆದುಬಿಡು ಎಂದೆ. ತೆಗೆಯಲು ಬರುವುದಿಲ್ಲ, ಇನ್ನೊಬ್ಬರಿಗೆ ಕೊಡಬಹುದಷ್ಟೇ ಎಂದ. ಸ್ವಲ್ಪ ಹೊತ್ತು ಕಾದೆ. ಅವನು ಕೊಡಲಿಲ್ಲ.

ಅವತ್ತಿನಿಂದ ಎಡಕ್ಕೆ, ಬಲಕ್ಕೆ ಎಲ್ಲ ಅವನೇ ಹೇಳತೊಡಗಿದ. ನಾನು ಎಡಕ್ಕೆ ಎಂದರೆ ಕೋಟೆಯವನು, “ತಡಿಯಪ್ಪ, ಅವ್ನೇನಂತಾನೆ ಕೇಳಣ,” ಎನ್ನುತ್ತಿದ್ದ. ಕೋಟೆಯವನು ಹಾಗೆ ಅನ್ನುವುದನ್ನು ನಿಲ್ಲಿಸಬೇಕಾದರೆ ಆ ಕಿರೀಟ ನನ್ನ ಕಡೆ ಬರಬೇಕು. ಬೇರೆ ದಾರಿ ಇರಲಿಲ್ಲ.

ಇದನ್ನು ನನ್ನ ಹೆಂಡತಿಗೆ ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, ಆ ಕಿರೀಟ ಎಷ್ಟು ದೊಡ್ಡದು ಎಂದು ಕೇಳಿದಳು. ಮೊಬೈಲ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಂದು ನೋಡಿದಳು. ಆಮೇಲೂ ಕಾಣಲಿಲ್ಲ ಎಂದಳು.

ದನಿ

ಕೆ.ಆರ್. ನಗರದವನು ಮದುವೆ ವಿಡಿಯೊದವನಾದ್ದರಿಂದ ಅವನ ಬಳಿ ನಾನಾ ಬಗೆಯ ಮೈಕುಗಳಿವೆ. ಅದರಲ್ಲೊಂದನ್ನು ಅಂಗಿಗೆ ಸಿಕ್ಕಿಸಿಕೊಂಡು ಮಾತಾಡಿದರೆ ಅವನ ದನಿ ರೇಡಿಯೊದಲ್ಲಿ ವಾರ್ತೆ ಓದಿದ ಹಾಗೆ ಬರುತ್ತಿತ್ತು. ಒಂದು ಭಾನುವಾರ ಶತ್ರುಗಳು ಅವನನ್ನು ಮೊದಲೇ ಹೊಡೆದರು. ಅವನು ‘ನಾನು ಸತ್ತೆ’ ಎಂದು ಪ್ರಕಟಿಸಿದ.

“ಇವ್ನು ಸತ್ತೆ ಅಂದ್ರೂ ಕೇಳಕ್ಕೆ ಚೆಂದ ಕಣ್ಲಾ,” ಎಂದ ಕೋಟೆಯವನು. ಪಿರಿಯಾಪಟ್ಟಣದವನೂ ಹೌದೆಂದ. ಆರಂಭದಲ್ಲೇ ವರದಿ ಮಾಡಿದ ಘಟನೆ ಇದೇ.

ನಾನು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಮೈಸೂರಿಗೆ ಹೋಗಿ ಒಂದು ಹೆಡ್‌ಫೋನ್ ತಂದೆ. ಬಾಯಿಯ ಮುಂದೆ ಬರುವ ಮೈಕಿನ ಕಡ್ಡಿ ಅದಕ್ಕಿತ್ತು. ಅದನ್ನು ತಲೆಗೇರಿಸಿಕೊಂಡು ಕನ್ನಡಿಯಲ್ಲಿ ನೋಡಿಕೊಂಡಾಗ ವಿಮಾನ ಇಳಿಸುವವನಂತೆ ಕಂಡೆ. ಆ್ಯಪಿನಲ್ಲಿ ಗದ್ದಲ ತೆಗೆಯುವ ಸೌಕರ್ಯವೊಂದಿದೆ. ಫ್ಯಾನು, ಕುಕ್ಕರು, ಬೀದಿಯ ಸದ್ದು ಎಲ್ಲವನ್ನೂ ಅದು ಅಳಿಸಿ, ಮನುಷ್ಯರ ಮಾತನ್ನು ಮಾತ್ರ ಬಿಡುತ್ತದಂತೆ. ಅದನ್ನೂ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದಷ್ಟು ಗಂಭೀರವಾಗಿ ಮಾತಾಡಿದೆ.

ಫ್ಯಾನಿನ ಸದ್ದು ಹೋಯಿತು. ಕುಕ್ಕರಿನ ಸದ್ದು ಹೋಯಿತು. ನಾನೂ ಹೋದೆ. ಉಳಿದದ್ದು ಅಡುಗೆಮನೆಯಿಂದ ನನ್ನ ಹೆಂಡತಿ, ತಲೆ ಮೇಲೆ ಅದೇನು ಕಟ್ಟಿಕೊಂಡು ಕೂತಿದ್ದೀರಿ, ಅಂಗಡಿ ಬಾಗಿಲು ಯಾರು ತೆಗೀತಾರೆ ಎಂದು ಕೇಳುತ್ತಿದ್ದ ಮಾತು. ಮೈಕಿನ ಕಡ್ಡಿ ನನ್ನ ಬಾಯಿಯ ಕಡೆಗಿರದೆ ಅಡುಗೆಮನೆಯ ಕಡೆಗೆ ತಿರುಗಿತ್ತು.

“ಅತ್ತಿಗೆ ಮಾತು ಬಾಳ ಕ್ಲಿಯರಾಗದೆ,” ಎಂದ ಕೋಟೆಯವನು. “ಆಟಕ್ಕೂ ಅವ್ರೇ ಬರ್ಲಿ ಬುಡು.”

ಸಾರು ನಿಷೇಧ

ನಮ್ಮ ಕಡೆ ಒಬ್ಬರ ದನಿ ಕಿವಿಗೆ ಬಿದ್ದಮೇಲೆ ಊಟ ಆಯ್ತಾ ಎಂದು ಕೇಳದೆ ಬೇರೆ ಮಾತಿಗೆ ಹೋಗುವಂತಿಲ್ಲ. ಆಯ್ತು ಎಂದರೆ ಏನು ಸಾರು ಎನ್ನಬೇಕು. ಸಾರು ಯಾವುದೆಂದು ತಿಳಿದಮೇಲೆ ಅದರ ಬಗ್ಗೆ ಎರಡು ಮಾತಾಡದಿದ್ದರೆ ಕೇಳಿದ್ದಕ್ಕೆ ಅರ್ಥವಿಲ್ಲ. ನಾಲ್ಕು ಜನ ಹೀಗೆ ಒಬ್ಬರನ್ನೊಬ್ಬರು ಕೇಳಿ ಮುಗಿಸುವ ಹೊತ್ತಿಗೆ ದ್ವೀಪದಲ್ಲಿದ್ದ ಒಳ್ಳೆಯ ಬಂದೂಕುಗಳೆಲ್ಲ ಬೇರೆಯವರ ಪಾಲಾಗುತ್ತಿದ್ದವು.

ಕಿರೀಟದವನು ಒಂದು ಕಾನೂನು ಮಾಡಿದ. ಆಟ ಶುರುವಾದಮೇಲೆ ಊಟದ ಮಾತಿಲ್ಲ. ಮಾತಾಡಿದವರ ಬಾಯಿಯನ್ನು ಇಲ್ಲಿಂದಲೇ ಬಂದ್ ಮಾಡುತ್ತೇನೆ ಎಂದ. ಕಿರೀಟ ಇರುವವನಿಗೆ ಆ ಅಧಿಕಾರವೂ ಇತ್ತು. ಪಿರಿಯಾಪಟ್ಟಣದವನಿಗೆ ಬೇಜಾರಾಯಿತು. ಕೋಟೆಯವನು ಮಾತ್ರ, ಸರಿಯಾಗೇ ಹೇಳಿದ್ದಾನೆ ಎಂದ. ಸಾರಿನ ವಿಷಯದಲ್ಲೂ ಅವನು ಆ ಕಡೆ ಹೋಗುತ್ತಾನೆ ಎಂದು ನಾನು ಎಣಿಸಿರಲಿಲ್ಲ.

ಕಾನೂನು ಫಲ ಕೊಟ್ಟಿತು. ನಾವು ಹೆಚ್ಚು ಹೊತ್ತು ಬದುಕತೊಡಗಿದೆವು. ಇದು ನನಗೆ ಬಹಳ ನೋವು ಕೊಟ್ಟಿತು.

ಗೆಲುವಿನ ಅಂಚಿನಲ್ಲಿ

ಹೀಗೇ ಒಂದು ಭಾನುವಾರ ಸಂಜೆ ನಾವು ನಾಲ್ವರೂ ಜೀವಂತವಾಗಿದ್ದೆವು. ಎದುರಿಗೆ ಉಳಿದದ್ದು ಒಂದೇ ತಂಡ. ಕೆ.ಆರ್. ನಗರದವನು ಹುಲ್ಲಿನ ಮೆದೆಯ ಹಿಂದೆ ಕೂತು ವಾರ್ತೆಯ ದನಿಯಲ್ಲಿ ಅಪ್ಪಣೆ ಕೊಡುತ್ತಿದ್ದ. ಕೋಟೆಯವನು, ಪಿರಿಯಾಪಟ್ಟಣದವನು ಅವನ ಎಡಬಲಕ್ಕೆ ಕಾವಲು. ನನ್ನನ್ನು ದೂರದ ಮಾಳಿಗೆಯ ಮೇಲೆ ಕೂರಿಸಿದ್ದರು, ಶತ್ರು ಬಂದರೆ ನೋಡಿ ಹೇಳಲು.

ಈ ಆಟ ಗೆದ್ದರೆ ಕಿರೀಟ ಇನ್ನೆಂದೂ ಇತ್ತ ಬರುವುದಿಲ್ಲ ಎಂದು ನನಗೆ ಸ್ಪಷ್ಟವಾಗಿತ್ತು. ಗೆಲ್ಲಿಸಿಕೊಟ್ಟವನಿಂದ ಯಾರು ಕಿತ್ತುಕೊಳ್ಳುತ್ತಾರೆ? ಕೋಟೆಯವನು ನನ್ನ ಜೊತೆ ನೆಟ್ಟಗೆ ಎರಡು ಮಾತಾಡಿ ಎಷ್ಟೋ ದಿನವಾಗಿತ್ತು. ನಾನು ಮೆಲ್ಲಗೆ ಕೇಳಿದೆ.

“ಊಟ ಆಯ್ತೇನ್ಲಾ?”

ಕೋಟೆಯವನಿಗೆ ತಡೆಯಲಾಗಲಿಲ್ಲ.

“ಆಯ್ತು ಕಣ್ಲಾ. ಉಳ್ಳಿಕಾಳ್ ಉಪ್ಸಾರು.”

ಹುರುಳಿಕಾಳಿನ ಉಪ್ಸಾರು ಎಂದಮೇಲೆ ಪಿರಿಯಾಪಟ್ಟಣದವನೂ ಸುಮ್ಮನಿರಲಿಲ್ಲ. ಖಾರಕ್ಕೆ ಹಸಿಮೆಣಸಿನಕಾಯೋ ಒಣಮೆಣಸಿನಕಾಯೋ ಎಂದು ಕೇಳಿದ. ಕಿರೀಟದವನಿಗೆ ಸಿಟ್ಟು ಬಂದು, ಶುರು ಮಾಡಿದವನು ನಾನೇ ಎಂದು ನನ್ನ ಬಾಯಿ ಬಂದ್ ಮಾಡಿದ. ನನಗೆ ಎಲ್ಲರ ಮಾತೂ ಕೇಳುತ್ತಿತ್ತು, ನನ್ನ ಮಾತು ಯಾರಿಗೂ ಕೇಳುತ್ತಿರಲಿಲ್ಲ.

ಅದೇ ಹೊತ್ತಿಗೆ ಮೆದೆಯ ಹಿಂದಿನಿಂದ ಒಬ್ಬ ಶತ್ರು ಬಗ್ಗಿಕೊಂಡು ಬರುತ್ತಿದ್ದುದು ಮಾಳಿಗೆಯಿಂದ ನನಗೆ ಕಂಡಿತು. ನಾನು ಕೂಗಿ ಹೇಳಿದೆ. ನನ್ನ ಕರ್ತವ್ಯ ಮಾಡಲಿಲ್ಲ ಎಂದು ಯಾರೂ ಹೇಳಬಾರದು. ಬಂದೂಕು ಹಾರಿಸಬಹುದಿತ್ತಲ್ಲ ಎಂದು ಕೆಲವರು ಕೇಳಬಹುದು. ನನಗೆ ಕೊಟ್ಟ ಕೆಲಸ ನೋಡಿ ಹೇಳುವುದಷ್ಟೇ.

ಕೆ.ಆರ್. ನಗರದವನು ಸತ್ತ. ಉಳಿದಿಬ್ಬರು ಒಣಮೆಣಸಿನಕಾಯಿಯ ಮೇಲೆ ಒಮ್ಮತಕ್ಕೆ ಬರುತ್ತಿದ್ದಾಗ ಸತ್ತರು. ಕೊನೆಗೆ ನನ್ನನ್ನೂ ಮಾಳಿಗೆಯಿಂದ ಉರುಳಿಸಿದರು.

“ನೀನ್ ಮೇಲೇ ಕೂತಿದ್ಯಲ್ಲ,” ಎಂದ ಕೆ.ಆರ್. ನಗರದವನು. ವಾರ್ತೆಯ ದನಿ ಆಗಲೇ ಹೋಗಿತ್ತು. “ಅವ್ನು ಬರೋದು ಕಾಣ್ಲಿಲ್ವಾ? ಯಾಕ್ಲಾ ಹೇಳ್ಲಿಲ್ಲ?”

ನಾನು ಉತ್ತರ ಕೊಡಲಿಲ್ಲ. ಕೊಡಲು ಆಗುತ್ತಿರಲಿಲ್ಲ.

“ಅವ್ನ್ ಬಾಯ್ ಮುಚ್ಸಿರೋನು ನೀನೇ ಅಲ್ವೇನ್ಲಾ?” ಎಂದ ಕೋಟೆಯವನು.

ಇಷ್ಟು ದಿನದ ಮೇಲೆ ಅವನು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ಗೆದ್ದಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ಕೆ.ಆರ್. ನಗರದವನು ಮುನಿಸಿಕೊಂಡು, ಈ ಕಿರೀಟವೇ ಬೇಡ, ಯಾರಾದರೂ ಇಟ್ಟುಕೊಳ್ಳಿ ಎಂದು ಹೇಳಿ ನನ್ನ ಬಾಯಿಗೆ ಹಾಕಿದ್ದ ಬೀಗವನ್ನೂ ತೆಗೆದ. ಎಲ್ಲರ ಒತ್ತಾಯವಿದ್ದರೆ ಆ ಭಾರವನ್ನು ನಾನು ಹೊರಬಹುದು ಎಂದೆ. ಯಾರೂ ಒತ್ತಾಯಿಸಲಿಲ್ಲ. ನನಗೆ ಕೊಡುವುದಕ್ಕಿಂತ ಕಾವೇರಿಗೆ ಬಿಸಾಡುತ್ತೇನೆ ಎಂದು ಅವನು ಅದನ್ನು ಪಿರಿಯಾಪಟ್ಟಣದವನಿಗೆ ಕೊಟ್ಟ.

ಪಿರಿಯಾಪಟ್ಟಣದವನು ಗೃಹಪ್ರವೇಶಕ್ಕೆ ಹೋಗಿಬಂದಿದ್ದ. ಅಲ್ಲಿ ಸಾಲಿಗ್ರಾಮದ ಭಾವನವರು, ನಿಮ್ಮ ಕೋಣೆಗೆ ನಮ್ಮನ್ನೂ ಸೇರಿಸಿಕೊಳ್ಳಿ ಎಂದಿದ್ದರಂತೆ. ಮಾರನೆಯ ದಿನ ಸೇರಿಸಿದ. ಹೆಣ್ಣು ಕೊಟ್ಟ ಮನೆಯ ಹಿರಿಯರು ‘ಸದಸ್ಯ’ ಎಂದು ಕೆಳಗೆ ಕೂತಿರುವಾಗ ತಾನು ಕಿರೀಟ ಹಾಕಿಕೊಂಡು ಮೇಲೆ ಕೂರುವುದು ಸರಿಯಲ್ಲ ಎಂದು ಅದನ್ನು ಅವರಿಗೆ ಒಪ್ಪಿಸಿದ. ಅವರು ಬೇಡ ಎನ್ನಲಿಲ್ಲ. ಊಟದ ಮಾತಿನ ಮೇಲಿದ್ದ ನಿಷೇಧವನ್ನು ಅವರು ಬಂದ ಸಂಜೆಯೇ ತೆಗೆದುಹಾಕಿದರು.

ಈಗ ಕಿರೀಟ ಸಾಲಿಗ್ರಾಮದಲ್ಲಿದೆ. ಸಾಲಿಗ್ರಾಮ ಮೊದಲು ಕೆ.ಆರ್. ನಗರ ತಾಲೂಕಿಗೇ ಸೇರಿತ್ತು, ಆದ್ದರಿಂದ ಅದು ತನ್ನ ಕಡೆಯೇ ಉಳಿದಂತೆ ಎಂದು ಕೆ.ಆರ್. ನಗರದವನು ಹೇಳಿಕೊಂಡು ತಿರುಗುತ್ತಿದ್ದಾನೆ. ನಾವು ನಾಲ್ವರೂ ಸದಸ್ಯರು. ಆಟ ಇನ್ನೂ ಗೆದ್ದಿಲ್ಲ.