ನಮ್ಮ ಮಿಲ್ಲಿಗೆ ಕ್ಯಾಮೆರಾ ಬಂದದ್ದು

ತಿಪಟೂರಿನಲ್ಲಿ ನಮ್ಮದು ಮೂರು ತಲೆಮಾರಿನ ಕೊಬ್ಬರಿ ವ್ಯಾಪಾರ. ಮಾವನವರ ಕಾಲಕ್ಕೆ ಎಣ್ಣೆ ಮಿಲ್ಲೂ ಆಯಿತು. ನಾನು ಓದಿದ್ದು ಕಾನ್ವೆಂಟಿನಲ್ಲಿ; ಬೆನ್ನು ಬಗ್ಗಿಸಿ ದುಡಿದವಳಲ್ಲ. ಇಂಥ ಮನೆಯನ್ನೂ ಎಡವಟ್ಟುಗಳು ಬಿಡುವುದಿಲ್ಲ. ಬದಲಾಗುತ್ತಿರುವ ಊರನ್ನು ದಾಖಲಿಸುತ್ತೇನೆಂದು ಬೆಂಗಳೂರಿನ ಫೋಟೋಗ್ರಾಫರ್ ಬಂದದ್ದು, ನನ್ನ ಮಗಳಿಗೆ ತುರುವೇಕೆರೆಯ ಸಂಬಂಧ ಕುದುರುತ್ತಿದ್ದ ತಿಂಗಳಲ್ಲೇ.

ಸಹಜವಾಗಿರಿ

"ನಾಳೆ ಫೋಟೋ. ದಿನಾ ಇರೋ ಹಾಗೇ ಇರಿ" ಎಂದು ಆತ ಮಿಲ್ಲಿನವರಿಗೆ ಹೇಳಿದರು. ಮರುದಿನ ಎಲ್ಲರೂ ಹಬ್ಬದ ಬಟ್ಟೆ ಉಟ್ಟು, ಮುಖಕ್ಕೆ ಪೌಡರ್ ಬಳಿದುಕೊಂಡು ಹಾಜರು.

"ದಿನಾ ಇರೋ ಹಾಗೆ ಅಂದಿದ್ದೆನಲ್ರೀ!"

"ದಿನಾ ಫೋಟೋ ತೆಗೀತಾರಾ ಸ್ವಾಮಿ?" ಎಂದ ಮಿಲ್ಲಿನ ಗಾಡಿಯವನು.

ಹೊಗೆ

ಕೈಗಾರಿಕೆ ಎಂದರೆ ಹೊಗೆ ಬೇಕಂತೆ. ಮಿಲ್ಲಿಗೆ ಕರೆಂಟು ಬಂದು ಚಿಮಣಿ ತಣ್ಣಗಾಗಿ ವರ್ಷವಾಗಿತ್ತು. ಅದಕ್ಕೆ ಹಸಿ ತೆಂಗಿನ ಮಟ್ಟೆ ತುಂಬಿ ಬೆಂಕಿ ಹಾಕಿಸಿದರು. ಎದ್ದ ಹೊಗೆ ಕಂಡು ಬೀದಿಯವರೆಲ್ಲ ಕೊಡ ಹಿಡಿದು ಓಡಿಬಂದರು.

"ಫೋಟೋ ಸಿಕ್ಕಿತೇ?" ಎಂದು ಕೇಳಿದೆ.

"ಇಲ್ಲ ಮೇಡಂ, ನನ್ನ ಕೈಗೂ ಒಂದು ಕೊಡ ಕೊಟ್ಟುಬಿಟ್ರು."

ಅಟ್ಟ

ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಬೇಕು. ಒಳಗೆ ಗಡಗಡ ಉರುಳಿದರೆ ಕೊಬ್ಬರಿಯಾಗಿದೆ ಎಂದರ್ಥ. ಅದನ್ನು ತೋರಿಸಲು ನಾನೇ ತಲೆಗೆ ಟವೆಲ್ ಸುತ್ತಿ ಏಣಿ ಹತ್ತಿದೆ. ಆತ ಕ್ಲಿಕ್ಕಿಸಿದ್ದು ನನಗೆ ತಿಳಿಯಲೇ ಇಲ್ಲ.

ಆಮೇಲೆ ಕಾಲೇಜಿನ ಹಾಲ್‌ನಲ್ಲಿ ಆ ಫೋಟೋಗಳ ಪ್ರದರ್ಶನ. ಬೀಗಿತ್ತಿಯಾಗಬೇಕಿದ್ದವರನ್ನು ಹೆಮ್ಮೆಯಿಂದ ಕರೆದೊಯ್ದೆ. ಬಾಗಿಲಲ್ಲೇ ಆಳೆತ್ತರದ ನಾನು! ಮುಖವೆಲ್ಲ ಧೂಳು. ಕೆಳಗೆ ಬರೆದಿತ್ತು: 'ಕೂಲಿ ಮಹಿಳೆ, ತಿಪಟೂರು.'

ಸಂಬಂಧ ಮುರಿಯಿತೆಂದೇ ನಿಂತೆ. ಆಕೆ ಚಿತ್ರವನ್ನು ದಿಟ್ಟಿಸಿ, "ಆಳು ಗಟ್ಟಿಯಾಗವ್ಳೆ ಕಣ್ರೀ. ನಮ್ಮ ಅಟ್ಟದ ಕಾಯಿ ಇಳಿಸೋಕೆ ಎಂಟು ದಿನ ಕಳಿಸ್ಕೊಡ್ತೀರಾ?" ಎಂದರು.

ಗುರುತು ಸಿಕ್ಕಿಲ್ಲ! ಹೋದ ಉಸಿರು ಬಂತು. ಅಷ್ಟರಲ್ಲಿ ಹಿಂದೆ ನಿಂತಿದ್ದ, ನಮ್ಮಲ್ಲಿ ಇಪ್ಪತ್ತು ವರ್ಷ ಕಾಯಿ ಸುಲಿದ ಹೆಂಗಸು ನನ್ನ ಕಡೆ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಬಾಯಿ ಹಾಕಿದಳು:

"ಅವ್ಳು ಬ್ಯಾಡ ಬುಡಿ ಅಮ್ಮಾರೇ. ಸೀರೆ ಕೊಳೆ ಆಗ್ತದೇಂತ ಕಾಯ್ನ ಕಿವಿಯಿಂದ ಮಾರು ದೂರ ಹಿಡ್ದವ್ಳೆ. ಗೇಯ್ಮೆ ಗೊತ್ತಿಲ್ಲದೋಳು. ನಾನೇ ಬತ್ತೀನಿ."

ಮದುವೆ ನಿಶ್ಚಯವಾಯಿತು. ಅವಳ ಮಾತನ್ನು ಮನ್ನಿಸಿದ್ದೇನೆ. ಫೋಟೋಗ್ರಾಫರ್ ಮಾತ್ರ ನನ್ನಲ್ಲಿ ಕ್ಷಮೆ ಕೇಳಬೇಕು, ಬರವಣಿಗೆಯಲ್ಲಿ.