ಭಾನುವಾರದ ಹಾಗಲಕಾಯಿ

ಕಾಡಪ್ಪನವರಿಗೆ ಹಾಗಲಕಾಯಿ ಕಂಡರಾಗದು. ಪಡವಲಕಾಯಿಯೂ ಅಷ್ಟೇ. ಆದರೆ ಪಡವಲಕಾಯಿಯ ತಂಟೆಗೆ ಇವರು ಹೋಗಿರಲಿಲ್ಲ, ಇವರ ತಂಟೆಗೆ ಅದೂ ಬಂದಿರಲಿಲ್ಲ. ಹಾಗಲಕಾಯಿಯ ವಿಷಯ ಬೇರೆ. ಮೂರು ವರ್ಷದಿಂದ ಪ್ರತಿ ಭಾನುವಾರ ಒಂದು ಕೇಜಿ ಹಾಗಲಕಾಯಿಯನ್ನು ತಾವೇ ಕೈಯಾರೆ ಕೊಂಡು, ಸೈಕಲ್ಲಿಗೆ ನೇತುಹಾಕಿಕೊಂಡು, ಹೆಬ್ಬಾಳದಿಂದ ಕೊಡಿಗೇಹಳ್ಳಿಯ ಮನೆಗೆ ತರುತ್ತಿದ್ದರು. ಮನೆಯಲ್ಲಿ ಇನ್ಯಾರೂ ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸೋಮವಾರ, ಮಂಗಳವಾರ ಎರಡು ದಿನ ಕೂತು ಅವರೇ ತಿಂದು ಮುಗಿಸುತ್ತಿದ್ದರು.

ಇಷ್ಟಕ್ಕೂ ಕಾರಣ ಬಾಯಿ ಜಾರಿ ಬಂದ ಒಂದು ಮಾತು. ಒಂದು ಭಾನುವಾರ ಮಳೆ ಹನಿಯುವಾಗ ಹೆಬ್ಬಾಳದ ಬಸ್ ಸ್ಟಾಪಿನ ಹುಣಸೆಮರದಡಿ ಮುದುಕಿಯೊಬ್ಬಳು ಮಾರಾಟವಾಗದ ಹಾಗಲಕಾಯಿ ಮುಂದಿಟ್ಟುಕೊಂಡು, ಗೋಣಿಚೀಲ ಹೊದ್ದು ಕೂತಿದ್ದಳು. ಕಾಡಪ್ಪನವರ ಕರುಳು ಚುರುಕ್ಕೆಂದಿತು. ಅಷ್ಟನ್ನೂ ಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ವಾರ ಮುದುಕಿ, "ಎಂಗಿತ್ತು ಸ್ವಾಮಿ ನಮ್ಮ ಆಗಲಕಾಯಿ?" ಎಂದು ಕೇಳಿದಾಗ ಸುಮ್ಮನೆ ತಲೆಯಾಡಿಸಿ ಬಂದಿದ್ದರೂ ಸಾಕಿತ್ತು. ಕಾಡಪ್ಪನವರ ಬಾಯಿಂದ ಬಂದದ್ದು, "ಅಯ್ಯೋ, ಹಾಗಲಕಾಯಿ ಅಂದ್ರೆ ನಂಗೆ ಪಂಚಪ್ರಾಣ ಕಣಜ್ಜಿ." ಆ ಬಾಯಿಯೇ ಅಂಥದ್ದು. ಹುಟ್ಟಿದಾಗಿನಿಂದ ಒಬ್ಬರ ಮನಸ್ಸು ನೋಯಿಸಿ ಅದಕ್ಕೆ ಗೊತ್ತಿಲ್ಲ.

ಅಂದಿನಿಂದ ಮುದುಕಿ ಎಳೆಯ ಕಾಯಿಗಳನ್ನು ಇವರಿಗೆಂದೇ ಎತ್ತಿಡತೊಡಗಿದಳು. ತೂಗುತ್ತ ತೂಗುತ್ತ ಮನೆಯ ಸಮಾಚಾರ ವಿಚಾರಿಸುತ್ತಿದ್ದಳು. ಯಶವಂತಪುರದ ಕಾರ್ಖಾನೆಯ ಸ್ಟೋರಿನಲ್ಲಿ ಇವರಿಗೆ ಕೆಲಸ, ಇರುವುದೊಬ್ಬಳೇ ಮಗಳು, ಅವಳ ನಕ್ಷತ್ರ ಯಾವುದು, ಅವಳು ಕಟ್ಟುವ ಮುದ್ದೆಯ ಹದ ಎಂಥದ್ದು, ಎಲ್ಲ ಮುದುಕಿಗೆ ಬಾಯಿಪಾಠ. ಕಾಡಪ್ಪನವರಿಗೆ ಮಾತ್ರ ಅವಳ ಹೆಸರೂ ಗೊತ್ತಿರಲಿಲ್ಲ, ಊರೂ ಗೊತ್ತಿರಲಿಲ್ಲ. ಕೇಳಿದರೆ ಮಾತು ಬೆಳೆದು, ಒಂದು ಕೇಜಿ ಎರಡಾದೀತೆಂಬ ಹೆದರಿಕೆ.

ವಾರ ವಾರ ಹಾಗಲಕಾಯಿ ತರುವ ಗಂಡಸನ್ನು ಕಂಡು ಬೀದಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಗಂಗರತ್ನಮ್ಮ ಮೊದಲ ವರ್ಷವೇ ತೀರ್ಪು ಕೊಟ್ಟರು: "ಪಾಪ, ಕಾಡಪ್ಪನೋರಿಗೆ ಸಕ್ಕರೆ ಕಾಯಿಲೆ." ಆಮೇಲೆ ಯಾರ ಮನೆಗೆ ಹೋದರೂ ಇವರಿಗೆ ಸಕ್ಕರೆ ಇಲ್ಲದ ಕಾಫಿ. ಮದುವೆ ಊಟದಲ್ಲಿ ಇವರ ಎಲೆಯವರೆಗೂ ಬಂದ ಹೋಳಿಗೆ, "ಅವರಿಗಾಗಲ್ಲ ಕಣ್ರೀ" ಎಂಬ ದನಿ ಕೇಳಿ ಮುಂದಿನ ಎಲೆಗೆ ಹೋಗಿಬಿಡುತ್ತಿತ್ತು. ಸಿಹಿ ಎಂದರೆ ಜೀವ ಬಿಡುವ ಮನುಷ್ಯ, ಪಾಪ. ಅಷ್ಟು ಕಾಳಜಿ ಮಾಡುವವರಿಗೆ ಇಲ್ಲ ಅನ್ನುವುದು ಹೇಗೆಂದು ಅದನ್ನೂ ಸಹಿಸಿಕೊಂಡಿದ್ದರು.

ಎಪ್ಪತ್ತೊಂಬತ್ತನೇ ಇಸವಿಯ ಆ ಭಾನುವಾರ ಮಾತ್ರ ಸಹಿಸುವ ಹಾಗಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮಗಳನ್ನು ನೋಡಲು ಗಂಡಿನವರು ಬರುತ್ತಿದ್ದರು. ಹುಡುಗ ಚಿಕ್ಕಜಾಲದವನು, ಬಸ್ ಕಂಡಕ್ಟರ್; ಅವರ ಕಡೆಯಿಂದಲೇ ಕೇಳಿಬಂದ ಸಂಬಂಧ. ಹೊಲಿಗೆ ಕ್ಲಾಸಿಗೆಂದು ಯಲಹಂಕಕ್ಕೆ ಹೋಗುವ ಬಸ್ಸಿನಲ್ಲಿ ಮಗಳು ಅವನನ್ನು ಕಂಡಿದ್ದಳು. "ಚಿಲ್ಲರೆ ಇಲ್ಲ ಅಂದ್ರೂ ಯಾರ ಮೇಲೂ ರೇಗಲ್ಲಪ್ಪ" ಎಂದು ಒಂದೇ ಮಾತು ಹೇಳಿ ತಲೆ ತಗ್ಗಿಸಿದ್ದಳು. ಆ ಒಂದು ಮಾತಿಗೆ ಕಾಡಪ್ಪನವರು ಕರಗಿಹೋಗಿದ್ದರು. ಈ ಸಂಬಂಧ ಕೂಡಿಬರಲೇಬೇಕು.

"ನೋಡಿ," ಎಂದರು ಹೆಂಡತಿ ಮುನಿಯಲ್ಲಮ್ಮ, ಕೇಸರಿಬಾತಿಗೆ ರವೆ ಹುರಿಯುತ್ತ. "ಹೋದ ಸಲದ ಸಂಬಂಧ ಯಾಕೆ ತಪ್ಪೋಯ್ತು ಗೊತ್ತಲ್ಲ. ಹುಡುಗಿ ಅಪ್ಪಂಗೆ ಸಕ್ಕರೆ ಕಾಯಿಲೆ ಅಂತ ಯಾರೋ ಊದಿದ್ರು. ಇವತ್ತು ಆ ಹಾಗಲಕಾಯಿ ಈ ಹೊಸಿಲು ದಾಟಿ ಒಳಗೆ ಬಂದ್ರೆ, ನಾನು ದಾಟಿ ಹೊರಗೆ ಹೋಗ್ತೀನಿ."

"ತರಲ್ಲ ಕಣೇ. ನಂಗೆ ಅದು ಸೇರಲ್ಲ ಅಂತ ಅಜ್ಜಿಗೆ ಇವತ್ತು ಬಾಯಿಬಿಟ್ಟು ಹೇಳೇಬಿಡ್ತೀನಿ."

"ಯಾರು, ನೀವಾ?" ಎಂದು ಮುನಿಯಲ್ಲಮ್ಮ ಮತ್ತೆ ಬಾಣಲೆಯ ಕಡೆ ತಿರುಗಿದರು.

ವೀಳ್ಯದೆಲೆ, ಬಾಳೆಹಣ್ಣು ತರುವ ನೆಪದಲ್ಲಿ ಕಾಡಪ್ಪನವರು ಹೆಬ್ಬಾಳಕ್ಕೆ ಹೊರಟರು. ದಾರಿಯುದ್ದಕ್ಕೂ ಪೆಡಲು ತುಳಿಯುತ್ತ "ನಂಗೆ ಸೇರಲ್ಲ ಅಜ್ಜಿ, ನಂಗೆ ಸೇರಲ್ಲ" ಎಂದು ಅಭ್ಯಾಸ ಮಾಡಿಕೊಂಡರು. ಹೋಗಿ ನೋಡಿದರೆ ಹುಣಸೆಮರದಡಿ ಮುದುಕಿಯೇ ಇಲ್ಲ. ಪಕ್ಕದಲ್ಲಿ ಕೂರುವ ಹೂವಿನವಳು ದೊಡ್ಡದೊಂದು ಚೀಲವನ್ನು ಇವರ ಮುಂದಿಟ್ಟಳು.

"ಅಜ್ಜಿ ಬರ್ನಿಲ್ಲ ಸ್ವಾಮಿ, ಏನೋ ಕೆಲ್ಸ ಅಂತೆ. ನಿಮಗೇ ಕೊಡ್ಬೇಕು ಅಂತ ಇದ ಕಳ್ಸವ್ಳೆ. ದುಡ್ಡು ಬ್ಯಾಡ್ವಂತೆ."

ಚೀಲದ ತುಂಬ ಹಾಗಲಕಾಯಿ. ನಾಲ್ಕು ಕೇಜಿಗೆ ಕಮ್ಮಿಯಿಲ್ಲ.

"ಇದನ್ನ ನೀನೇ ಇಟ್ಕೊಳ್ಳಮ್ಮ," ಎಂದರು ಕಾಡಪ್ಪನವರು.

"ನಂಗ್ಯಾಕೆ ಸ್ವಾಮಿ? ನಂಗೇನ್ ನಿಮ್ಮಂಗೆ ಸಕ್ಕರೆ ಕಾಯ್ಲೆನಾ?"

ಸುದ್ದಿ ಹೆಬ್ಬಾಳದವರೆಗೂ ಬಂದಿದೆ ಎಂದು ಕಾಡಪ್ಪನವರಿಗೆ ಆಗ ತಿಳಿಯಿತು. ದಾರಿಯಲ್ಲಿ ಎಸೆದುಬಿಡೋಣವೆಂದರೆ ಮುದುಕಿಯ ಮುಖ ಕಣ್ಣಿಗೆ ಕಟ್ಟುತ್ತದೆ. ಮನೆಗೆ ಒಯ್ದರೆ ಹೆಂಡತಿ ಹೊಸಿಲು ದಾಟುತ್ತಾಳೆ. ಕೊನೆಗೆ ತಮ್ಮ ಬೀದಿಯ ತುದಿಯಲ್ಲಿದ್ದ ಟೈಲರ್ ಖಾದರ್ ಬಾಷಾನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರು.

"ಬಾಷಾ, ಈ ಚೀಲ ನಿಮ್ಮ ಮನೇಲೇ ಇರ್ಲಿ. ನಮ್ಮನೇಲಿ ಇವತ್ತು ಇದನ್ನ ಮಾಡಕ್ಕಾಗಲ್ಲ. ಮಗಳನ್ನ ನೋಡಕ್ಕೆ ಬರ್ತಾವ್ರೆ."

"ಅದಕ್ಕೇನಂತೆ, ಕೊಡಿ ಕಾಡಪ್ಪನೋರೆ. ಒಳ್ಳೇದಾಗ್ಲಿ," ಎಂದು ಖಾದರ್ ಬಾಷಾ ಚೀಲವನ್ನು ಒಳಗಿಟ್ಟ. ಕಾಡಪ್ಪನವರು ಹಗುರಾಗಿ ಮನೆಗೆ ನಡೆದರು.

ಮೂರು ಗಂಟೆಗೆ ಸರಿಯಾಗಿ ಹುಡುಗ, ಅವನ ತಂದೆ ಆಂಜಿನಪ್ಪ, ಸೋದರಮಾವ ಬಂದು ಚಾಪೆಯ ಮೇಲೆ ಕೂತರು. "ನಮ್ಮವ್ವ ದೇವಸ್ಥಾನಕ್ಕೆ ಕೈಮುಗಿದು ಬರ್ತೀನಿ ಅಂತ ಹಿಂದೆ ಉಳ್ಕಂಡ್ಲು," ಎಂದರು ಆಂಜಿನಪ್ಪ. ಮಗಳು ಕೇಸರಿಬಾತಿನ ತಟ್ಟೆಗಳನ್ನು ತಂದಿಟ್ಟು, ಹುಡುಗನ ಕಡೆ ಒಂದು ಸಲ ನೋಡಿ ಒಳಗೆ ಹೋದಳು. ಹುಡುಗನ ಕಿವಿ ಕೆಂಪಾಯಿತು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಬಂದವರಿಗೆ ಜೊತೆ ಕೊಡಬೇಕಲ್ಲ ಎಂದು ಕಾಡಪ್ಪನವರೂ ಒಂದು ತಟ್ಟೆ ತೆಗೆದುಕೊಂಡು, ತುಪ್ಪ ಜಿನುಗುವ ಕೇಸರಿಬಾತಿಗೆ ಚಮಚ ಹಾಕಿದರು.

ಕೈಸಹಾಯಕ್ಕೆಂದು ಬಂದಿದ್ದ ಗಂಗರತ್ನಮ್ಮ ತಟ್ಟೆಯನ್ನು ಕಿತ್ತೇಬಿಟ್ಟರು. "ಅಯ್ಯೋ, ನಿಮಗಾಗಲ್ಲ. ತಗೊಳ್ಳಿ, ಸಕ್ಕರೆ ಇಲ್ಲದ ಕಾಫಿ."

"ಯಾಕಮ್ಮ ಆಗಲ್ಲ?" ಎಂದ ಸೋದರಮಾವ.

"ಹೆಚ್ಚೇನಿಲ್ಲ, ಸ್ವಲ್ಪ ಸಕ್ಕರೆ ಕಾಯಿಲೆ. ವಾರ ವಾರ ಹಾಗಲಕಾಯಿ ತಿಂದು ಹದ್ದುಬಸ್ತಲ್ಲಿಟ್ಟವ್ರೆ," ಎಂದರು ಗಂಗರತ್ನಮ್ಮ, ಉಪಕಾರ ಮಾಡಿದೆನೆಂಬ ಖುಷಿಯಲ್ಲಿ.

ಸೋದರಮಾವ ತಟ್ಟೆಯನ್ನು ಕೆಳಗಿಟ್ಟ. "ಅಪ್ಪಂಗಿದ್ರೆ ಮಕ್ಕಳಿಗೂ ಬತ್ತದೆ ಅಂತಾರೆ, ಭಾವ." ಒಳಬಾಗಿಲ ಪರದೆಯ ಹಿಂದೆ ಬಳೆಯ ಸದ್ದು ನಿಂತುಹೋಯಿತು. ಆ ನಿಂತ ಸದ್ದು ಕಾಡಪ್ಪನವರ ಎದೆಗೆ ನಾಟಿತು. ಜೀವಮಾನದಲ್ಲೇ ಮೊದಲ ಸಲ ಬಾಯಿ ಬಿಟ್ಟು ನಿಜ ಹೇಳಿದರು.

"ಇಲ್ಲ ಸ್ವಾಮಿ. ನಂಗೆ ಯಾವ ಕಾಯಿಲೇನೂ ಇಲ್ಲ. ಹಾಗಲಕಾಯಿ ನಂಗೆ ಸೇರೋದೇ ಇಲ್ಲ. ಅದರ ಮುಖ ಕಂಡ್ರೆ ಆಗಲ್ಲ."

ಅಷ್ಟರಲ್ಲಿ ಖಾದರ್ ಬಾಷಾ ದೊಡ್ಡ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

"ಕಾಡಪ್ಪನೋರೆ, ತಗೊಳ್ಳಿ ನಿಮ್ಮ ಹಾಗಲಕಾಯಿ. ನಿಮ್ಮನೇಲಿ ಇವತ್ತು ಮಾಡಕ್ಕಾಗಲ್ಲ ಅಂದ್ರಲ್ಲ. ಭಾನುವಾರ ನಿಮಗೆ ಅದು ತಪ್ಪಬಾರ್ದು ಅಂತ ನಮ್ಮ ಬದರುನ್ನೀಸಾ ಅಷ್ಟನ್ನೂ ಮಸಾಲೆ ತುಂಬಿ ಮಾಡವ್ಳೆ. ಬಿಸಿಯಾಗಿರೋವಾಗ್ಲೇ ತಿನ್ಬೇಕಂತೆ."

ಎಲ್ಲರ ಕಣ್ಣೂ ಡಬ್ಬಿಯ ಕಡೆ ತಿರುಗಿತು.

"ಸೇರಲ್ಲ ಅಂದ್ರಿ?" ಎಂದ ಸೋದರಮಾವ.

ಕಾಡಪ್ಪನವರ ಬಾಯಿ ತನ್ನ ಹಳೆಯ ದಾರಿ ಹಿಡಿಯಿತು. "ಸೇರುತ್ತೆ, ಸೇರುತ್ತೆ. ತಮಾಷೆಗಂದೆ. ಆದ್ರೆ ಕಾಯಿಲೆಗಲ್ಲ ಸ್ವಾಮಿ, ರುಚಿಗೆ ತಿನ್ನೋದು. ಪಂಚಪ್ರಾಣ."

"ರುಚಿಗೆ ಅಂತ ಹಾಗಲಕಾಯಿ ತಿನ್ನೋರ್ನ ನಾನಂತೂ ಕಂಡಿಲ್ಲ. ಎಲ್ಲಿ, ತಿನ್ನಿ ನೋಡಾನ."

ಮಗಳ ಬಳೆಯ ಸದ್ದನ್ನು ನೆನೆದು ಕಾಡಪ್ಪನವರು ಒಂದು ತಿಂದರು. ನಕ್ಕರು. ಇನ್ನೊಂದು ತಿಂದರು. ನಾಲ್ಕನೆಯದಕ್ಕೆ ಕಣ್ಣಲ್ಲಿ ನೀರಾಡಿತು.

"ಅಳ್ತಾ ಇದ್ದೀರಲ್ಲ?"

"ಸಂತೋಷಕ್ಕೆ," ಎಂದು ಐದನೆಯದಕ್ಕೆ ಕೈಹಾಕಿದರು.

"ಸಾಕು ಬುಡಿ ಸ್ವಾಮಿ," ಎಂಬ ದನಿ ಬಾಗಿಲಿಂದ ಬಂತು. ಹೊಸ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟು, ಹುಣಸೆಮರದ ಮುದುಕಿ ಒಳಗೆ ಬಂದಳು.

"ಬಾವ್ವ," ಎಂದು ಆಂಜಿನಪ್ಪ ಎದ್ದು ನಿಂತರು. "ಇವಳೇ ನಮ್ಮವ್ವ, ಅಕ್ಕಯ್ಯಮ್ಮ."

ಅಕ್ಕಯ್ಯಮ್ಮ ಚಾಪೆಯ ನಡುವೆ ಕೂತು ಸೋದರಮಾವನ ಕಡೆ ತಿರುಗಿದಳು. "ಈ ಸಂಬಂಧ ಉಡುಕಿದ್ದೇ ನಾನು. ಇವರಿಗೆ ಯಾವ ಕಾಯ್ಲೆನೂ ಇಲ್ಲ. ಆಗಲಕಾಯೀನೂ ಸೇರಲ್ಲ, ಅದು ನಂಗೆ ಮೊದಲ್ನೇ ವಾರಾನೇ ಗೊತ್ತು. ನನ್ನ ಕಾಯಿ ತಗಂಡು ರಸ್ತೆ ಆಚೆಗೋಗಿ ಒಂದು ದನದ ಮುಂದೆ ಇಡುದ್ರು. ಅದು ಮೂಸಿ ನೋಡಿ ಮೊಕ ತಿರುಗಿಸ್ಕಂತು. ಇವರು ನನ್ನ ಕಡೆ ಕದ್ದು ನೋಡಿ, ಪಾಪ, ತಿರ್ಗ ಚೀಲಕ್ಕೇ ಆಕ್ಕಂಡ್ರು. ಬಿಸಾಕ್ನಿಲ್ಲ. ಮೂರು ವರ್ಸ ಒಂದು ವಾರಾನೂ ತಪ್ಪಿಸ್ನಿಲ್ಲ. ಗುರುತು ಪರಿಚಯ ಇಲ್ಲದ ಮುದುಕಿ ಮನಸು ನೋಯ್ಬಾರ್ದು ಅಂತ ಇಸ ತಿಂದೋರ ಮಗಳು, ನಮ್ಮ ಉಡುಗನ್ನ ನೋಯಿಸ್ತಾಳಾ?"

ಪರದೆಯ ಹಿಂದೆ ಬಳೆ ಮತ್ತೆ ಸದ್ದು ಮಾಡಿತು. ಕಾಡಪ್ಪನವರ ಕಣ್ಣಲ್ಲಿ ಈ ಸಲ ಬಂದದ್ದು ನಿಜವಾದ ಸಂತೋಷದ ನೀರು.

"ಗೊತ್ತಿದ್ದೂ ಮೂರು ವರ್ಷ ಕೊಟ್ರಲ್ಲಮ್ಮ?" ಎಂದರು.

"ಇನ್ಯಾರು ತಗತಿದ್ರು ಸ್ವಾಮಿ?" ಎಂದಳು ಅಕ್ಕಯ್ಯಮ್ಮ. "ಓಗ್ಲಿ ಬುಡಿ, ಬೀಗರಾದ್ರಿ, ಇನ್ನು ನಿಮಗೆ ಆ ಕಷ್ಟ ಬ್ಯಾಡ. ಬಳ್ಳಿ ಕಿತ್ತಾಕ್ದೆ. ಬೆಳಿಗ್ಗೆ ಕಳಿಸಿದ್ದೇ ಕೊನೇ ಕಾಯಿ."

ಕಾಡಪ್ಪನವರಿಗೆ ಮೂರು ವರ್ಷದ ಕಹಿ ಒಂದೇ ಗುಟುಕಿಗೆ ಇಳಿದುಹೋದಂತಾಯಿತು. ತಾಂಬೂಲ ಬದಲಾಯಿಸಿದರು. ಗಂಗರತ್ನಮ್ಮ ನಾಚಿಕೊಂಡು, ದ್ರಾಕ್ಷಿ ಗೋಡಂಬಿ ಆರಿಸಿ ಹಾಕಿದ ದೊಡ್ಡ ತಟ್ಟೆ ಕೇಸರಿಬಾತನ್ನು ತಾವೇ ತಂದುಕೊಟ್ಟರು. ಕಾಡಪ್ಪನವರು ಚಮಚ ತುಂಬಿ ಬಾಯಿಯ ಹತ್ತಿರ ತಂದರು.

"ಆದ್ರೂ ಬೀಗರ ಮನೆಗೆ ಬರಿಗೈಲಿ ಬರಕ್ಕಾಯ್ತದಾ," ಎಂದಳು ಅಕ್ಕಯ್ಯಮ್ಮ. "ಪಕ್ಕದ ಚಪ್ಪರದಾಗೆ ಬೇರೆ ಕಾಯಿ ಬಿಟ್ಟೈತೆ. ವಾರ ವಾರ ನಾನೇ ತಂದುಕೊಡ್ತೀನಿ. ಪಡವಲಕಾಯಿ ತಿಂತೀರಾ?"

ಅಡುಗೆಮನೆಯ ಬಾಗಿಲಲ್ಲಿ ಮುನಿಯಲ್ಲಮ್ಮ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರು. ಕಾಡಪ್ಪನವರು ಅದನ್ನು ನೋಡಿದರು. ಮುದುಕಿಯ ಮುಖವನ್ನೂ ನೋಡಿದರು. ಚಮಚ ಅಲ್ಲೇ ನಿಂತಿತು.

"ಅಯ್ಯೋ, ಪಡವಲಕಾಯಿ ಅಂದ್ರೆ ನಂಗೆ ಪಂಚಪ್ರಾಣ," ಎಂದಿತು ಆ ಬಾಯಿ.

ಅಕ್ಕಯ್ಯಮ್ಮ ಅವರನ್ನೇ ಒಂದು ಗಳಿಗೆ ನೋಡಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಅಂಗಾದ್ರೆ ಎರಡು ಕೇಜಿ ತರ್ತೀನಿ ಬುಡಿ. ಅದನ್ನೂ ಯಾರೂ ತಗತಿಲ್ಲ."