ಬನ್ನು ಉಬ್ಬಿದ ಭಾನುವಾರ

ಸಾವಿನ ಮನೆಗೆ ಹೋಗಿಬಂದವರು ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರುವುದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ಹುಣಸೂರಿನ ಶಶಿಕುಮಾರ ಮಾತ್ರ ಎಂಟು ತಿಂಗಳಿಂದ ದಿನಾ ಸಂಜೆ ತನ್ನ ಸ್ವಂತ ಬೇಕರಿಯಿಂದ ಬಂದು ಹಿತ್ತಲಲ್ಲಿ ನಿಂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಮೊದಲನೆಯ ವಾರ ಪಕ್ಕದ ಮನೆಯ ರುಕ್ಮಿಣಮ್ಮ ಕಾಂಪೌಂಡಿನಾಚೆಯಿಂದ ಇಣುಕಿ, "ಯಾರಪ್ಪಾ ಓಗ್ಬುಟ್ಟೋರು?" ಎಂದು ಸೆರಗಿನ ತುದಿ ಕಣ್ಣಿಗೊತ್ತಿಕೊಂಡು ಕೇಳಿದ್ದಳು.

"ಯಾರೂ ಇಲ್ಲ ಕಣಕ್ಕಾ. ಮೈದಾ ಓಗ್ಲಿ ಅಂತ" ಎಂದಿದ್ದ ಶಶಿಕುಮಾರ, ನಡುಗುತ್ತಾ.

ನೀರು ಸುರಿದುಕೊಂಡ ಮಾತ್ರಕ್ಕೆ ಗೃಹಪ್ರವೇಶ ಸಿಕ್ಕುತ್ತಿರಲಿಲ್ಲ. ಬೇಕರಿಯ ಅಂಗಿ, ಪ್ಯಾಂಟು ಹೊರಗಿನ ಬಕೆಟ್ಟಿಗೆ ಹೋಗಬೇಕು. ಆಮೇಲೆ ಹೆಂಡತಿ ಅನುಶ್ರೀ ಹೊಸ್ತಿಲ ಮೇಲೆ ನಿಂತು ಉಗುರು ನೋಡಬೇಕು, ಕಿವಿಯ ಹಿಂದೆ ನೋಡಬೇಕು, ಹುಬ್ಬಿನ ಮೇಲೆ ಬೆರಳಾಡಿಸಬೇಕು. (ಮದುವೆಗೆ ಮುಂಚೆ ಅವನು ಹೆಣ್ಣು ನೋಡಲು ಬಂದಾಗಲೂ ಅವಳು ಅವನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.) ಎಲ್ಲ ಸರಿಯಾಗಿದ್ದರೆ, "ಹೂಂ, ಬನ್ನಿ" ಎನ್ನುವಳು.

ಇದಕ್ಕೆಲ್ಲ ಕಾರಣ ಅವರ ಮಗಳು ಪುಟ್ಟಿ. ಐದು ವರ್ಷ ತುಂಬಿದರೂ ಆ ಹುಡುಗಿಗೆ ಮೂರು ವರ್ಷದವರ ಲಂಗ ಸರಿಯಾಗುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತಮಟೆ. ತಿಂದದ್ದು ದಕ್ಕುತ್ತಿರಲಿಲ್ಲ. ಶಶಿಕುಮಾರನ ತಾಯಿ ದೊಡ್ಡತಾಯಮ್ಮ ವಾರಕ್ಕೆರಡು ಸಲ ದೃಷ್ಟಿ ತೆಗೆದಳು, ಸೊಂಟಕ್ಕೆ ದಾರ ಕಟ್ಟಿಸಿದಳು. ಜಂತುಹುಳದ ಔಷಧಿ ಮೂರು ಸಲ ಕುಡಿಸಿದ್ದಾಯಿತು. ಕೊನೆಗೆ ಮೈಸೂರಿನ ದೊಡ್ಡ ಡಾಕ್ಟರು ರಕ್ತ ತೆಗೆಸಿ, ಬಾಯಿಂದ ನಳಿಗೆ ಇಳಿಸಿ ಕರುಳು ನೋಡಿ, ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು ಹೇಳಿದರು.

"ಗೋಧಿ, ಮೈದಾ, ರವೆ, ಬಾರ್ಲಿ, ಇವುಗಳಲ್ಲಿ ಗ್ಲುಟನ್ ಅಂತ ಒಂದು ಅಂಟು ಇರುತ್ತೆ. ಮಗುವಿನ ಕರುಳಿಗೆ ಅದು ಆಗಲ್ಲ. ಜೀವನಪೂರ್ತಿ ಒಂದು ಚೂರೂ ಬೇಡ. ಪಾತ್ರೆಗೆ, ಕೈಗೆ ಮೆತ್ತಿಕೊಂಡಿರೋ ಹಿಟ್ಟು ಕೂಡ ಊಟಕ್ಕೆ ಸೇರಬಾರದು. ಅಂದಹಾಗೆ, ನೀವೇನು ಕೆಲಸ ಮಾಡ್ತೀರಿ?"

"ಬೇಕರಿ, ಸಾರ್."

ಡಾಕ್ಟರು ಪೆನ್ನು ಕೆಳಗಿಟ್ಟರು.

ಅಲ್ಲಿಯವರೆಗೆ ಹಾಲಿನವನ ಮೇಲೂ ಅನುಮಾನ ಪಡದಿದ್ದ ಅನುಶ್ರೀ ಅಂದಿನಿಂದ ಪತ್ತೇದಾರಿಣಿಯಾದಳು. ಗೋಧಿ, ಮೈದಾ, ರವೆ ಮೊದಲನೆಯ ದಿನವೇ ಗಡೀಪಾರಾದವು. ಅವು ಕಣ್ಣಿಗೆ ಕಾಣುವ ಶತ್ರುಗಳು. ಎರಡನೆಯ ದಿನದಿಂದ ಮಾರುವೇಷದವರ ಬೇಟೆ ಶುರುವಾಯಿತು. ಅತ್ತೆಯ ಕನ್ನಡಕ ಹಾಕಿಕೊಂಡು ಇಂಗಿನ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದಿದರೆ, ಇಂಗಿಗಿಂತ ಗೋಧಿಹಿಟ್ಟೇ ಹೆಚ್ಚು! ಮಗು ಮೈತುಂಬಿಕೊಳ್ಳಲೆಂದು ಎರಡು ವರ್ಷ ಕುಡಿಸಿದ್ದ ಪುಡಿಯಲ್ಲಿ ಬಾರ್ಲಿ. ರಾಗಿ ಬಿಸ್ಕತ್ತಿನ ಪೊಟ್ಟಣದ ಮೇಲೆ ರಾಗಿ ತೆನೆಯ ಚಿತ್ರ, ಒಳಗೆ ಮುಕ್ಕಾಲು ಮೈದಾ.

"ನನ್ನ ಮುದ್ದೆಗಂತೂ ಯಾರೂ ಏನೂ ಅನ್ನಂಗಿಲ್ಲ ಕಣವ್ವ" ಎಂದು ದೊಡ್ಡತಾಯಮ್ಮ ಬೀಗಿದಳು. ಬೀಗಿದ್ದು ಒಂದೇ ವಾರ. ಅನುಶ್ರೀ ಹಿಟ್ಟಿನ ಮಿಲ್ಲಿಗೆ ಹೋಗಿ ನಿಂತು ನೋಡಿದಳು. ಮುಂದಿನವರ ಗೋಧಿ ಬೀಸಿದ ಯಂತ್ರಕ್ಕೇ ಇವರ ರಾಗಿ ಸುರಿಯುತ್ತಿದ್ದರು. ಮಾರನೆಯ ದಿನವೇ ಮನೆಗೊಂದು ಪುಟ್ಟ ಬೀಸುವ ಯಂತ್ರ ಬಂತು. ಅದು ಶುರುವಾದರೆ ಇಡೀ ಬೀದಿಗೆ ಇವರ ಮನೆಯಲ್ಲಿ ಮುದ್ದೆ ಎಂದು ಗೊತ್ತಾಗುತ್ತಿತ್ತು. ಗುಡಿಯಲ್ಲಿ ಪೂಜಾರಪ್ಪ ಸಜ್ಜಿಗೆ ಪ್ರಸಾದ ನೀಡಿದಾಗ ಅನುಶ್ರೀ ಮಗುವಿನ ಮುಂದೆ ಕೈ ಅಡ್ಡ ಹಿಡಿದು, "ತೀರ್ಥ ಮಾತ್ರ ಸಾಕು" ಎಂದಳು. ಪೂಜಾರಪ್ಪನಿಗೆ ಆದ ಬೇಜಾರು ಇನ್ನೂ ಇಳಿದಿಲ್ಲ.

ಫಲ ಮಾತ್ರ ಸುಳ್ಳಾಗಲಿಲ್ಲ. ಎಂಟು ತಿಂಗಳಲ್ಲಿ ಪುಟ್ಟಿಯ ಕೆನ್ನೆ ತುಂಬಿತು, ಕೂದಲಿಗೆ ಹೊಳಪು ಬಂತು, ಹಳೆಯ ಲಂಗಗಳೆಲ್ಲ ಮೊಣಕಾಲಿಂದ ಮೇಲೆ ಹೋದವು. ಹಿತ್ತಲಿನ ತಣ್ಣೀರಿಗೆ ಶಶಿಕುಮಾರ ಗೊಣಗುತ್ತಿದ್ದದ್ದು ಬಾಯಿಮಾತಿಗೆ ಅಷ್ಟೆ.

ಅವನ ನಿಜವಾದ ಸಂಕಟ ಬೇರೆ ಇತ್ತು. ಪುಟ್ಟಿ ನಡೆಯಲು ಕಲಿತಂದಿನಿಂದ ಬೆಳಿಗ್ಗೆ ಅವನ ಜೊತೆ ಬೇಕರಿಗೆ ಬರುತ್ತಿದ್ದಳು. ಮೈದಾ ಮೂಟೆಯೇ ಅವಳ ಸಿಂಹಾಸನ. ಭಟ್ಟಿಯಿಂದ ಇಳಿದ ಮೊದಲನೆಯ ಬನ್ನು ಅವಳದು. ಅದನ್ನು ಬಿಡಿಸಿ ಬೆಣ್ಣೆ ಸವರಿ ಕೊಟ್ಟರೆ, ಕಣ್ಣು ಮುಚ್ಚಿಕೊಂಡು, ಕಾಲು ಆಡಿಸುತ್ತಾ ತಿನ್ನುವಳು. ಆ ಮುಖ ನೋಡದೆ ಅವನ ಬೋಣಿ ಆಗುತ್ತಿರಲಿಲ್ಲ. ಅದೇ ಬನ್ನು ಅವಳ ಹೊಟ್ಟೆ ಕೆಡಿಸುತ್ತಿತ್ತು ಎಂದು ತಿಳಿದಾಗ ಅವನು ಎರಡು ದಿನ ಅನ್ನ ಮುಟ್ಟಿರಲಿಲ್ಲ.

ಈಗ ಅವಳು ಬೇಕರಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಸಂಜೆ ಸ್ನಾನ, ತಪಾಸಣೆ ಮುಗಿಸಿ ಅಪ್ಪ ಒಳಗೆ ಬಂದ ಕೂಡಲೇ ತೊಡೆ ಏರಿ ವರದಿ ಕೇಳುವಳು.

"ಇವತ್ತು ಬನ್ನು ಉಬ್ಬಿತ್ತಾ ಅಪ್ಪ?"

"ಉಬ್ಬಿತ್ತು ಕಣವ್ವ."

"ಎಷ್ಟು?"

"ನಿನ್ ಕೆನ್ನೆಯಷ್ಟು."

"ಕೇಕ್ ಮೇಲೆ ಯಾರ ಹೆಸ್ರು ಬರ್ದೆ?"

ಅವನು ಹೇಳುವನು. ಕಟ್ಟೆಮಳಲವಾಡಿಯ ಯಾವುದೋ ಮಗುವಿನ ಹೆಸರು, ಸಾಲಿಗ್ರಾಮದ ಯಾರದೋ ಮದುವೆ ವಾರ್ಷಿಕೋತ್ಸವ. ಅವಳು ಆ ಹೆಸರುಗಳನ್ನು ಪರಿಚಯದವರು ಎಂಬಂತೆ ಕೇಳುವಳು. ಆಮೇಲೆ ಅವನ ಕುತ್ತಿಗೆಗೆ ಮೂಗು ಒತ್ತಿ, "ಮೊದ್ಲು ಬನ್ನಿನ ವಾಸ್ನೆ ಬರ್ತಿತ್ತು. ಈಗ ಬರೀ ಸೋಪು" ಎನ್ನುವಳು. ಊರಿನ ಮಕ್ಕಳೆಲ್ಲ ತನ್ನ ಕೈಯದು ತಿಂದು ದೊಡ್ಡವರಾಗುತ್ತಿರುವಾಗ ತನ್ನ ಮಗುವಿಗೆ ಮಾತ್ರ ತನ್ನ ಕೈ ವಿಷವಾಯಿತಲ್ಲ ಎಂದು ಶಶಿಕುಮಾರ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ.

ಸೋಮವಾರ ಪುಟ್ಟಿಗೆ ಆರು ತುಂಬುವುದಿತ್ತು. ಹಿಂದಿನ ದಿನ ಭಾನುವಾರ ಅನುಶ್ರೀಯ ಅಣ್ಣನ ಮಗುವಿಗೆ ಕಂಪಲಾಪುರದಲ್ಲಿ ನಾಮಕರಣ. ಪುಟ್ಟಿಯ ಊಟವನ್ನು ಬೇರೆ ಕ್ಯಾರಿಯರ್‌ನಲ್ಲಿ ತುಂಬಿಕೊಂಡು, ಮಗಳನ್ನು ಕರೆದುಕೊಂಡು ಹೊರಟ ಅನುಶ್ರೀ, "ಅಡುಗೆಮನೆಗೆ ಕಾಲಿಡಬೇಡಿ" ಎಂದು ಅಪ್ಪಣೆ ಮಾಡಿದಳು.

"ನಂಗ್ಯಾಕೆ ಅಡುಗೆಮನೆ?" ಎಂದ ಶಶಿಕುಮಾರ. ಬಸ್ಸು ತಿರುವು ದಾಟುವ ಮೊದಲೇ ಅವನು ಅಡುಗೆಮನೆಯಲ್ಲಿದ್ದ.

ಅವನು ದಡ್ಡನಲ್ಲ, ಇದನ್ನು ಅವನ ಪರವಾಗಿ ಹೇಳಲೇಬೇಕು. ಅಕ್ಕಿಹಿಟ್ಟಿನ ಬನ್ನು ಮಾಡುವುದನ್ನು ವಾರವೆಲ್ಲ ಫೋನಿನಲ್ಲಿ ನೋಡಿ ಕಲಿತಿದ್ದ. ಎರಡು ಸಲ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಮದುವೆಯ ಪಂಚೆ ಉಟ್ಟಿದ್ದ. ಹೊಸ ಪಾತ್ರೆ, ಹೊಸ ಟ್ರೇ, ಪೊಟ್ಟಣ ಒಡೆಯದ ಬೆಣ್ಣೆ, ಪೊಟ್ಟಣ ಒಡೆಯದ ಈಸ್ಟು. ಅಕ್ಕಿಯನ್ನು ದೊಡ್ಡತಾಯಮ್ಮ ತೊಳೆದು ಒಣಗಿಸಿ ಮನೆಯ ಯಂತ್ರದಲ್ಲೇ ಬೀಸಿಕೊಟ್ಟಳು. ಗ್ಲುಟನ್ ಇಲ್ಲದ ಹಿಟ್ಟಿಗೆ ಅಂಟು ಬರಲು, ಮಲಬದ್ಧತೆಗೆ ಕುಡಿಯುವ ಇಸಬ್ಗೋಲ್ ಬೇಕಂತೆ. ಶನಿವಾರವೇ ಮೆಡಿಕಲ್ ಸ್ಟೋರಿನ ರೇಣುಕಾಪ್ರಸಾದನ ಬಳಿ ಐದು ಡಬ್ಬ ಕೇಳಿದ್ದ. ಆತ ಆಚೀಚೆ ನೋಡಿ, ದನಿ ತಗ್ಗಿಸಿ, "ಎಷ್ಟು ದಿನದಿಂದ ತೊಂದರೆ?" ಎಂದಿದ್ದ. "ಎಂಟು ತಿಂಗಳಾಯ್ತು" ಎಂದ ಶಶಿಕುಮಾರ, ಮಗಳನ್ನು ನೆನೆದು, ಕಣ್ಣಂಚಿನಲ್ಲಿ ನೀರು ತುಂಬಿಕೊಂಡು. ರೇಣುಕಾಪ್ರಸಾದ ಎದ್ದು ನಿಂತು ಡಬ್ಬಗಳನ್ನು ಕೊಟ್ಟ.

"ಬನ್ನಿಗೆ ಭೇದಿ ಔಷಧೀನಾ?" ಎಂದಳು ದೊಡ್ಡತಾಯಮ್ಮ.

"ನಿಂಗೆ ಗೊತ್ತಾಗಾಕಿಲ್ಲ, ಸುಮ್ನಿರವ್ವ."

ಮೊದಲನೆಯ ಸಲದ್ದು ಏಳಲೇ ಇಲ್ಲ, ಹಪ್ಪಳವಾಯಿತು. ಎರಡನೆಯದು ಗುಂಡಗೇನೋ ಆಯಿತು, ಆದರೆ ದೊಡ್ಡತಾಯಮ್ಮ ಒಂದನ್ನು ನೆಲಕ್ಕೆ ಹಾಕಿದಾಗ ಠಣ್ ಎಂದಿತು. ಇಪ್ಪತ್ತು ವರ್ಷ ಮೈದಾ ನಾದಿದ ಕೈಗೆ ಈ ಹಿಟ್ಟಿನ ಭಾಷೆಯೇ ತಿಳಿಯಲಿಲ್ಲ. ಎಳೆದರೆ ಬಾರದು, ಬಿಟ್ಟರೆ ನಿಲ್ಲದು. ಮೂರನೆಯ ಸಲ ಹಟಕ್ಕೆ ಬಿದ್ದು ಮೂರು ಡಬ್ಬ ಇಸಬ್ಗೋಲ್ ಸುರಿದು ಕಲಸಿದ. ಅಷ್ಟರಲ್ಲಿ ಅವನಿಗೆ ಆ ಬಟ್ಟೆ ನೆನಪಾಯಿತು.

ಕೆ.ಆರ್.ನಗರದಲ್ಲಿ ಅವನಿಗೆ ಕೆಲಸ ಕಲಿಸಿದ ಚಲುವಯ್ಯ ಮಾಸ್ಟರು, ಅವನು ಸ್ವಂತ ಬೇಕರಿ ಇಡುವಾಗ ತಮ್ಮ ಹಳೆಯ ಪಂಚೆಯ ಅರ್ಧ ಹರಿದು ಕೊಟ್ಟು, "ಇದನ್ನ ಒದ್ದೆ ಮಾಡಿ ಒದ್ದಿಸ್ಲಾ, ಎಂಥಾ ಇಟ್ಟಾದ್ರೂ ಏಳ್ತದೆ" ಎಂದಿದ್ದರು. ಅವತ್ತಿನಿಂದ ಆ ಬಟ್ಟೆಯಿಲ್ಲದೆ ಶಶಿಕುಮಾರನ ಬನ್ನು ಉಬ್ಬಿದ್ದಿಲ್ಲ, ಅಥವಾ ಹಾಗೆಂದು ಅವನು ನಂಬಿದ್ದ. ಬೇಕರಿಗೆ ಓಡಿಹೋಗಿ ತಂದ. ಬಂದವನೇ ಮೂರನೆಯ ಸ್ನಾನ ಮಾಡಿದ. (ತನಗೆ. ಬಟ್ಟೆಗಲ್ಲ.) ಒದ್ದೆ ಮಾಡಿ ಹಿಟ್ಟಿನ ಮೇಲೆ ಹೊದಿಸಿದ.

ಒಂದು ಗಂಟೆಯಲ್ಲಿ ಬಟ್ಟೆ ಮೇಲೆದ್ದಿತ್ತು! ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ತೆಗೆದು ಬೇಯಿಸಿದರೆ, ಎಂಟು ಬನ್ನುಗಳು ಕಂದುಬಣ್ಣಕ್ಕೆ ತಿರುಗಿ ಕುಳಿತಿದ್ದವು. ಶಶಿಕುಮಾರ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತುಬಿಟ್ಟ.

ಸಂಜೆ ಐದಕ್ಕೆ ಅನುಶ್ರೀ ಬಾಗಿಲಲ್ಲೇ ಮೂಗರಳಿಸಿದಳು. ಪುಟ್ಟಿ ಅವಳಿಗಿಂತ ಮುಂಚೆ ಒಳಗೆ ನುಗ್ಗಿ, ತಟ್ಟೆ ಕಂಡು, ಮುಟ್ಟದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ನಿಂಗೇ ಕಣವ್ವ. ಅಕ್ಕಿದು" ಎಂದ ಶಶಿಕುಮಾರ.

ವಿಚಾರಣಾ ಆಯೋಗ ಕೂತಿತು. ಹಿಟ್ಟು ಎಲ್ಲಿ ಬೀಸಿದ್ದು? ಮನೆಯಲ್ಲಿ. ಟ್ರೇ? ಹೊಸದು. ಬೆಣ್ಣೆ? ಹೊಸದು. ಪಂಚೆ? ಮದುವೇದು. ಒಂದೊಂದು ಉತ್ತರಕ್ಕೂ ಅನುಶ್ರೀಯ ಮುಖ ಸಡಿಲವಾಗುತ್ತಾ ಬಂತು. ಕೊನೆಗೆ ಅವಳೇ ಒಂದು ಬನ್ನು ಕೈಗೆತ್ತಿಕೊಂಡು, "ಪರ್ವಾಗಿಲ್ವೇ!" ಎಂದು ಮಗಳ ಕಡೆ ಚಾಚಿದಳು.

ಮಗನ ಹೆಗ್ಗಳಿಕೆ ಹೇಳದಿದ್ದರೆ ದೊಡ್ಡತಾಯಮ್ಮನಿಗೆ ನಿದ್ದೆ ಬರುವುದೇ? "ಮೊದ್ಲೆರಡು ಸಲ ಕೆಟ್ಟೋಗಿತ್ತು ಕಣವ್ವ. ಬೇಕ್ರಿಯಿಂದ ಆ ಬಟ್ಟೆ ತಂದು ಒದ್ದಿಸಿದ್ಮ್ಯಾಕೇ ಉಬ್ಬಿದ್ದು!"

ಚಾಚಿದ ಕೈ ಹಾಗೇ ನಿಂತಿತು. "ಯಾವ ಬಟ್ಟೆ?"

ಬಟ್ಟೆ ಹಿತ್ತಲ ತಂತಿಯ ಮೇಲೆ ಒಣಗಿತ್ತು. ಅನುಶ್ರೀ ಹೋಗಿ ಅದನ್ನೊಮ್ಮೆ ಕೊಡವಿದಳು. ಇಳಿಬಿಸಿಲಿನಲ್ಲಿ ಬಿಳಿಯ ಪುಡಿ ಹೊಗೆಯ ಹಾಗೆ ಎದ್ದಿತು.

ಒಳಗೆ ಬಂದು ಬನ್ನಿನ ತಟ್ಟೆಯನ್ನು ಮಗಳಿಂದ ದೂರ ಸರಿಸಿದಳು. ಬೈಗುಳ ಬಂದಿದ್ದರೆ ಶಶಿಕುಮಾರನಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ನಾನು ತಿನ್ನಂಗಿಲ್ವಾ?" ಎಂದಳು ಪುಟ್ಟಿ.

"ಇಲ್ಲ ಕಣಮ್ಮ" ಎಂದಳು ಅನುಶ್ರೀ.

ಪುಟ್ಟಿ ಅಳಲಿಲ್ಲ. ಬೇರೆ ಮಕ್ಕಳ ಹುಟ್ಟುಹಬ್ಬದಲ್ಲಿ, ಮದುವೆಮನೆಗಳಲ್ಲಿ ಎಂಟು ತಿಂಗಳಿಂದ ಅವಳಿಗೆ ಅಭ್ಯಾಸವಾಗಿತ್ತು. ಸ್ವಲ್ಪ ಹೊತ್ತು ಬನ್ನನ್ನೇ ನೋಡಿ, "ಅಂಗಾದ್ರೆ ನೀನು ತಿನ್ನು ಅಪ್ಪ. ನಾನು ನೋಡ್ತೀನಿ" ಎಂದಳು.

ಅವನು ತಟ್ಟೆ ಹಿಡಿದು ಹಿತ್ತಲ ಕಲ್ಲಿನ ಮೇಲೆ ಕುಳಿತ. ಅವಳು ಹೊಸ್ತಿಲ ಮೇಲೆ ಕುಳಿತಳು. ಒಂದು ಕಚ್ಚಿದ. ಸೈಕಲ್ ಟ್ಯೂಬು ಕಚ್ಚಿದ ಹಾಗಿತ್ತು.

"ಎಂಗೈತೆ?"

"ಮೆತ್ತಗೈತೆ ಕಣವ್ವ. ಒಳಗೆ ಬಿಸಿಬಿಸಿ. ಬೆಣ್ಣೆ ನಾಲಿಗೆ ಮೇಲೇ ಕರಗ್ತಾ ಐತೆ."

ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಕಾಲು ನಿಧಾನಕ್ಕೆ ಆಡತೊಡಗಿತು. "ಇನ್ನೊಂದು ತಿನ್ನು."

ಹೀಗೆ ಎಂಟೂ ಹೋದವು. ಗಂಟಲಿಗೆ ಸಿಕ್ಕಿಕೊಂಡಾಗಲೆಲ್ಲ ಚೊಂಬಿನಿಂದ ನೀರು ಕುಡಿದ, ಮತ್ತೆ ವರ್ಣಿಸಿದ. ಒಳಗೆ ಅನುಶ್ರೀ ಸಿಂಕಿನ ಕಡೆ ಮುಖ ತಿರುಗಿಸಿ ನಿಂತಿದ್ದಳು.

ಮಗು ಆಡಲು ಹೋದ ಮೇಲೆ ಅವಳು ಬಂದು ಗಂಡನ ಪಕ್ಕ ಕುಳಿತಳು. "ನಂಗೆ ಆಸೆ ಇಲ್ಲ ಅಂದ್ಕೊಂಡಿದೀರಾ? ಮೊದ್ಲು ನೀವು ಒಳಕ್ಕೆ ಬಂದ್ರೆ ಮನೆಯೆಲ್ಲಾ ಘಮ್ಮಂತಿತ್ತು. ದಿನಾ ನಿಮ್ಮ ಕಿವಿ ಹಿಂದೆ ನೋಡೋಕೆ ನಂಗೇನು ಖುಷೀನಾ?" ಸೆರಗಿನಿಂದ ಮೂಗೊರೆಸಿಕೊಂಡು, "ಇರ್ಲಿ. ಏನೇನು ಹಾಕಿದ್ರಿ ಹೇಳಿ" ಎಂದಳು.

ಹೇಳಿದ.

"ಇಸಬ್ಗೋಲ್ ಮೂರು ಚಮಚಾನಾ?"

"ಮೂರು ಡಬ್ಬ."

ಅನುಶ್ರೀ ಖಾಲಿ ತಟ್ಟೆ ನೋಡಿದಳು. ಗಂಡನ ಹೊಟ್ಟೆ ನೋಡಿದಳು. ಎದ್ದುಹೋಗಿ, ಅಡುಗೆಮನೆಯನ್ನೆಲ್ಲ ಬಿಸಿನೀರಿನಲ್ಲಿ ತೊಳೆದಳು.

ಸೋಮವಾರ ಬೆಳಿಗ್ಗೆ ಆರಕ್ಕೆ ಇಸಬ್ಗೋಲ್ ತನ್ನ ಕುಲಕಸುಬು ತೋರಿಸಿತು. ಹಿತ್ತಲಿನ ಕಕ್ಕಸಿಗೆ ಹೋದ ಶಶಿಕುಮಾರ ಏಳಾದರೂ ಬರಲಿಲ್ಲ. ಬೇಕರಿಯ ಮುಜಫರ್ ಫೋನ್ ಮಾಡಿ, "ಶಶಣ್ಣ, ಭಟ್ಟಿ ಕಾದೈತೆ, ಎಲ್ಲಿದೀರಿ?" ಎಂದದ್ದಕ್ಕೆ, "ನೀನೇ ನೋಡ್ಕೊಳ್ಳಪ್ಪ, ನನ್ನ ಭಟ್ಟಿ ಇಲ್ಲಿ ಉರೀತಾ ಐತೆ" ಎಂದ.

ಆಗ ಕಿಂಡಿಯಿಂದ ವಾಸನೆ ಬಂತು. ಅವನು ತಲೆಯೆತ್ತಿದ. ಅನುಶ್ರೀ ಅಳತೆಯ ಚಮಚ ಹಿಡಿದು, ಅಕ್ಕಿಹಿಟ್ಟಿಗೆ ಒಂದು ಹಿಡಿ ರಾಗಿಹಿಟ್ಟನ್ನೂ ಸೇರಿಸಿ ಕಲಸಿ, ಹೊಸ ತೆಳುಬಟ್ಟೆ ಹೊದಿಸಿ ಉಬ್ಬಿಸಿ ಕುಕ್ಕರ್ ಇಟ್ಟಿದ್ದಳು. ವಾಸನೆಯಲ್ಲೇ ಅವನಿಗೆ ತಿಳಿಯಿತು, ಬನ್ನು ಉಬ್ಬಿದೆ, ಮೇಲ್ಪದರ ಈಗ ಕಂದುಬಣ್ಣಕ್ಕೆ ತಿರುಗುತ್ತಿದೆ.

"ಅನೂ, ಉರಿ ತಗ್ಗಿಸು!" ಎಂದು ಒಳಗಿನಿಂದಲೇ ಕೂಗಿದ. "ಈಗ ಇಳಿಸು! ತಡ ಮಾಡ್ಬೇಡ!"

"ಇಳ್ಸಿದೀನಿ ಕಣ್ರೀ, ನಿಮ್ಮ ಕೆಲಸ ನೀವು ನೋಡ್ಕೊಳ್ಳಿ!"

ಹೊಸ್ತಿಲ ಮೇಲೆ ತಟ್ಟೆ ಇಟ್ಟ ಸದ್ದು ಕೇಳಿಸಿತು. ಬನ್ನು ಬಿಡಿಸಿದ ಸದ್ದು. ಎಂಟು ತಿಂಗಳು ಅವನು ಕಾದದ್ದು ಈ ಒಂದು ಗಳಿಗೆಗೆ, ಅದು ಬಾಗಿಲಿನಿಂದ ನಾಲ್ಕೇ ಹೆಜ್ಜೆ ಆಚೆ ನಡೆಯುತ್ತಿತ್ತು. ಅವಸರದಿಂದ ಎದ್ದು ಚಿಲಕಕ್ಕೆ ಕೈ ಹಾಕಿದ. ಹೊಟ್ಟೆ ಗುಡುಗಿತು. ಮತ್ತೆ ಕುಳಿತ.

"ಪುಟ್ಟೀ!" ಎಂದ, ಬಾಗಿಲಿಗೆ ಕಿವಿಯಿಟ್ಟು. "ಎಂಗೈತವ್ವ? ಹೇಳವ್ವ."

ಬಹಳ ಹೊತ್ತು ಅಗಿಯುವ ಸದ್ದು ಮಾತ್ರ ಬಂತು. ಕೊನೆಗೆ ಬಾಯಿ ತುಂಬಿದ ದನಿಯೊಂದು ಕೇಳಿಸಿತು.

"ತಿನ್ವಾಗ ಮಾತಾಡ್ಬಾರ್ದು ಅಪ್ಪ. ಇರು, ಇನ್ನೂ ಮೂರೈತೆ."